ನಿಮಗಿದು ಗೊತ್ತೇ? ಸಲೈನ್ ಬಾಟ್ಲಿಯ ಒಳಗೂ ಹೊರಗೂ

ಅರ್ಧ ಲೀಟರಿನ ಗ್ಲೂಕೋಸ್ ಬಾಟ್ಲಿಯಲ್ಲಿ ಸಾಮಾನ್ಯವಾಗಿ ಇರುವುದು 25 ಗ್ರಾಂ ಗ್ಲೂಕೋಸ್. ಅದರಿಂದ ಮೈಗೆ ಸಿಗುವ ಶಕ್ತಿ 100 ಕ್ಯಾಲರಿ ದಾಟುವುದಿಲ್ಲ. ಹೊಸಪೇಟೆ ಪಕ್ಕದ ಮಲಪನಗುಡಿಯ ತೋಟದ ಒಂದು ದೊಡ್ಡ ಬಾಳೆಹಣ್ಣು ತಿಂದರೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಆದರೂ ಗದ್ದೆಯಲ್ಲಿ ದುಡಿದು ಸುಸ್ತಾದವರು “ಒಂದು ಬಾಟ್ಲಿ ಏರಿಸ್ರಿ ಡಾಕ್ಟ್ರೇ” ಎಂದು ಕೇಳುವುದು ಹೊಸಪೇಟೆ, ಕಂಪ್ಲಿ, ಸಂಡೂರು ಎಲ್ಲ ಕಡೆಯೂ ಇದ್ದದ್ದೇ.

ಬಾಟ್ಲಿಯ ನೀರು ಹಳದಿ ಬಣ್ಣಕ್ಕೆ ತಿರುಗಿದರೆ ‘ಪವರ್ ಜಾಸ್ತಿ’ ಅನ್ನುತ್ತಾರೆ. ಆ ಬಣ್ಣ ಅದಕ್ಕೆ ಬೆರೆಸಿದ ಬಿ2 ಜೀವಸತ್ವದ್ದು. ಮೈಗೆ ಬೇಕಾದದ್ದಕ್ಕಿಂತ ಹೆಚ್ಚಾದದ್ದು ಮೂತ್ರದಲ್ಲಿ ಹೋಗಿಬಿಡುತ್ತದೆ.

ಅರ್ಧ ಲೀಟರ್ ನಾರ್ಮಲ್ ಸಲೈನ್‌ನಲ್ಲಿ 4.5 ಗ್ರಾಂ ಉಪ್ಪಿದೆ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ. ಬಿಪಿ, ಹೃದಯದ ತೊಂದರೆ, ಕಿಡ್ನಿ ತೊಂದರೆ ಇದ್ದವರು ಸೂಜಿ ಚುಚ್ಚಿಸಿಕೊಳ್ಳುವ ಮೊದಲೇ ಅದನ್ನು ಬಾಯಿಬಿಟ್ಟು ಹೇಳಬೇಕು.

ರಕ್ತನಾಳಕ್ಕೆ ಉಪ್ಪುನೀರು ಏರಿಸಿ ಕಾಲರಾ ರೋಗಿಗಳನ್ನು ಮೊದಲು ಬದುಕಿಸಿದವರು ಸ್ಕಾಟ್‌ಲೆಂಡಿನ ಥಾಮಸ್ ಲ್ಯಾಟಾ, 1832ರಲ್ಲಿ. ಲ್ಯಾಟಾ ಮರುವರ್ಷವೇ ತೀರಿಕೊಂಡರು. ಅವರ ವಿಧಾನವನ್ನು ವೈದ್ಯಲೋಕ ಎಷ್ಟೋ ದಶಕ ಮರೆತೇಬಿಟ್ಟಿತು.

ಆಸ್ಪತ್ರೆಗಳಲ್ಲಿ ‘ಆರ್‌ಎಲ್’ ಎಂದು ಕರೆಯುವ ರಿಂಗರ್ ಲ್ಯಾಕ್ಟೇಟ್ ಹುಟ್ಟಿದ್ದು ಒಂದು ತಪ್ಪಿನಿಂದ. ಲಂಡನ್‌ನ ವೈದ್ಯ ಸಿಡ್ನಿ ರಿಂಗರ್ ಉಪ್ಪುನೀರಿನ ನೆರವಿನಿಂದ ಕಪ್ಪೆಯ ಹೃದಯ ಬಡಿಯುತ್ತಲೇ ಇರುವಂತೆ ಮಾಡಿದ್ದರು. ಆ ಉಪ್ಪುನೀರನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿಲ್ಲ, ಲಂಡನ್ನಿನ ನಲ್ಲಿ ನೀರಿನಲ್ಲಿ ಮಾಡಲಾಗಿದೆ ಎಂಬುದು ಆಮೇಲೆ ತಿಳಿಯಿತು. ಶುದ್ಧ ನೀರು ಬಳಸಿ ನೋಡಿದಾಗ ಹೃದಯ ಬಡಿಯುವುದೇ ನಿಂತಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಹೃದಯಕ್ಕೆ ಬೇಕೇ ಬೇಕು ಎಂಬ ದೊಡ್ಡ ಸತ್ಯ ಹೀಗೆ ಹೊರಬಂತು. ರಿಂಗರ್ ತಮ್ಮ ಮೊದಲ ಲೇಖನದ ತಪ್ಪನ್ನು 1883ರಲ್ಲಿ ತಾವೇ ಅಚ್ಚು ಹಾಕಿಸಿದರು. ಮುಚ್ಚಿಟ್ಟಿದ್ದರೆ ಈ ದ್ರಾವಣ ನಮಗೆ ಸಿಗುತ್ತಿರಲಿಲ್ಲ. ಅದಕ್ಕೆ ಲ್ಯಾಕ್ಟೇಟ್ ಸೇರಿಸಿದವರು 1930ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್.

ಸೂಜಿ ಮಾಡಿದ ಮೇಲೆ ಚಳಿಜ್ವರ ಬರುವುದು ಸಹಜ ಎಂದು ಒಂದು ಕಾಲದಲ್ಲಿ ವೈದ್ಯರೇ ನಂಬಿದ್ದರು. ಅದನ್ನು ಒಪ್ಪದೆ ಹುಡುಕುತ್ತ ಹೋದವರು ಅಮೆರಿಕದ ವಿಜ್ಞಾನಿ ಫ್ಲಾರೆನ್ಸ್ ಸೀಬರ್ಟ್. ಬಟ್ಟಿ ಇಳಿಸಿದ ನೀರಿನಲ್ಲೂ ಬ್ಯಾಕ್ಟೀರಿಯಾಗಳ ವಿಷ ಉಳಿದಿರುತ್ತದೆ, ಜ್ವರ ಬರಿಸುವುದು ಅದೇ ಎಂದು 1923ರಲ್ಲಿ ತೋರಿಸಿಕೊಟ್ಟರು. ಈ ವಿಷದ ಹೆಸರು ಎಂಡೋಟಾಕ್ಸಿನ್. ನೀರು ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಎಂಡೋಟಾಕ್ಸಿನ್ ಮಾತ್ರ ಹಾಗೇ ಉಳಿಯುತ್ತದೆ. ಅದನ್ನು ಪತ್ತೆ ಹಚ್ಚಲು ಇಂದಿಗೂ ಬಹಳ ಕಡೆ ಬಳಸುವುದು ಕುದುರೆ ಲಾಳದ ಆಕಾರದ ಏಡಿಯ ನೀಲಿ ರಕ್ತವನ್ನು. ಆ ಏಡಿ ನಮ್ಮ ಒಡಿಶಾ ಕರಾವಳಿಯಲ್ಲೂ ಇದೆ.

ಇನ್ನು ಬಳ್ಳಾರಿಯ ವಿಷಯ. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಯಿತು. ಆದರೂ ಹೆರಿಗೆ ಕಷ್ಟವಾದರೆ ಈ ಭಾಗದ ಜನ ಇಂದಿಗೂ ಬಳ್ಳಾರಿಯ ಕಡೆಗೆ ಓಡುತ್ತಾರೆ. ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ 2024ರ ನವೆಂಬರ್ 9ರಿಂದ 11ರವರೆಗೆ 34 ಸಿಸೇರಿಯನ್ ಆದವು. ಏಳು ಬಾಣಂತಿಯರ ಕಿಡ್ನಿ ಮತ್ತಿತರ ಅಂಗಗಳು ಕೈಕೊಟ್ಟವು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡಿದ್ದರು. ಐದು ಮನೆಗಳು ತಾಯಿಯನ್ನು ಕಳೆದುಕೊಂಡವು.

ಶಂಕೆ ಬಿದ್ದದ್ದು ಅವರಿಗೆ ಏರಿಸಿದ್ದ ಆರ್‌ಎಲ್ ದ್ರಾವಣದ ಮೇಲೆ. ಅದನ್ನು ಪೂರೈಸಿದ್ದು ಪಶ್ಚಿಮ ಬಂಗಾಳದ ಪಶ್ಚಿಮ್ ಬಂಗಾ ಫಾರ್ಮಾಸ್ಯುಟಿಕಲ್ಸ್. ಆ ಕಂಪನಿಯ ಕೆಲವು ಬ್ಯಾಚ್‌ಗಳ ಗುಣಮಟ್ಟ ಸರಿಯಿಲ್ಲ ಎಂದು ರಾಜ್ಯದ ಪ್ರಯೋಗಾಲಯ ಮೊದಲೇ ಆಕ್ಷೇಪ ಎತ್ತಿತ್ತು, ಬಳಕೆಯೂ ನಿಂತಿತ್ತು. ಕೇಂದ್ರದ ಪ್ರಯೋಗಾಲಯದ ವರದಿ ಬೇರೆ ಹೇಳಿದ ಮೇಲೆ ಬಳಕೆ ಮತ್ತೆ ಶುರುವಾಯಿತು. ಸಾವುಗಳಾದ ನಂತರ ಸರ್ಕಾರ ಆ ದ್ರಾವಣವನ್ನು ತಡೆಹಿಡಿಯಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. 2025ರ ಜನವರಿಯಲ್ಲಿ ಮೇದಿನಿಪುರದ ವೈದ್ಯಕೀಯ ಕಾಲೇಜಿನಲ್ಲಿ ಬಾಣಂತಿಯೊಬ್ಬರು ತೀರಿಕೊಂಡಾಗಲೂ ಇದೇ ಕಂಪನಿಯ ಹೆಸರು ಕೇಳಿಬಂತು. ಒಮ್ಮೆ ಅನುಮಾನ ಹುಟ್ಟಿದ ಔಷಧವನ್ನು ಹಸಿ ಬಾಣಂತಿಯರ ವಾರ್ಡಿಗೆ ಕಳಿಸುವ ಮೊದಲು ಇನ್ನೊಮ್ಮೆ, ಮತ್ತೊಮ್ಮೆ ಕೇಳಬೇಕಿತ್ತು. ಕಾಗದದ ಮೇಲೆ ‘ಸರಿಯಿದೆ’ ಎಂದು ಬಂದಿದೆ ಅನ್ನುವುದು ಆ ಐದು ಮನೆಗಳಿಗೆ ಉತ್ತರ ಆಗುವುದಿಲ್ಲ.

ಬಾಣಂತಿಯರ ಸಾವಿನ ಬಗ್ಗೆ ಪ್ರಶ್ನೆ ಕೇಳಿದವರಿಗೆ ಸಿಕ್ಕ ಬೆಲೆ ಏನೆಂಬುದಕ್ಕೆ ಹಳೆಯ ಸಾಕ್ಷಿ ವಿಯೆನ್ನಾದ ವೈದ್ಯ ಇಗ್ನಾಜ್ ಸೆಮೆಲ್‌ವೈಸ್. ಅಲ್ಲಿನ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗ. ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯರ ವಿಭಾಗದಲ್ಲೇ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ವೈದ್ಯರ ವಿಭಾಗಕ್ಕೆ ಹಾಕಬೇಡಿ ಎಂದು ಗರ್ಭಿಣಿಯರು ಕಾಲಿಗೆ ಬೀಳುತ್ತಿದ್ದರು. ಹೆಣ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆ ಮಾಡಿಸುತ್ತಿರುವುದೇ ಕಾರಣ ಎಂದು ಸೆಮೆಲ್‌ವೈಸ್ ಹೇಳಿದರು. ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಸಿದ ಮೇಲೆ, 1847ರ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಆದರೂ ದೊಡ್ಡ ದೊಡ್ಡ ವೈದ್ಯರು ಒಪ್ಪಲಿಲ್ಲ. ಸೆಮೆಲ್‌ವೈಸ್ 1865ರಲ್ಲಿ ಮಾನಸಿಕ ಆಸ್ಪತ್ರೆಯೊಂದರಲ್ಲಿ 47ನೇ ವಯಸ್ಸಿಗೆ ತೀರಿಕೊಂಡರು.

ಮತ್ತೆ ಬಾಟ್ಲಿಯ ವಿಷಯಕ್ಕೆ ಬರೋಣ. ತೀವ್ರ ಜ್ವರದಿಂದ ಕೈಕಾಲು ತಣ್ಣಗಾದ ಮಗುವಿಗೆ ಬೇಗಬೇಗ ಸಲೈನ್ ಏರಿಸಿದರೆ ಜೀವ ಉಳಿಯುತ್ತದೆ ಎಂದು ಪುಸ್ತಕಗಳೇ ಹೇಳುತ್ತಿದ್ದವು. ಕೀನ್ಯಾ, ಉಗಾಂಡ, ಟಾಂಜಾನಿಯಾಗಳಲ್ಲಿ 3,141 ಮಕ್ಕಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2011ರಲ್ಲಿ ಹೊರಬಂತು. ಹಾಗೆ ರಭಸದಿಂದ ಏರಿಸಿದ ಮಕ್ಕಳಲ್ಲಿ ಎರಡು ದಿನದೊಳಗೆ ನೂರಕ್ಕೆ ಸುಮಾರು 10.5 ಮಕ್ಕಳು ತೀರಿಕೊಂಡಿದ್ದರು. ಹಾಗೆ ಏರಿಸದವರಲ್ಲಿ 7.3. ಈ ವಿಷಯ ಓದಿದ ಮೇಲೆ “ಇನ್ನೊಂದು ಬಾಟ್ಲಿ ಹಾಕ್ರಿ” ಎಂದು ಒತ್ತಾಯ ಮಾಡುವ ಮುಂಚೆ ಯಾರೇ ಆದರೂ ಒಂದು ಗಳಿಗೆ ನಿಲ್ಲಬೇಕು.

ಇಂಥದ್ದೇ ಇನ್ನೊಂದು ಒತ್ತಾಯ ಪ್ಲೇಟ್‌ಲೆಟ್‌ನದು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಎಣಿಕೆ ಇಳಿದ ಮಾತ್ರಕ್ಕೆ, ರಕ್ತಸ್ರಾವ ಇಲ್ಲದಿದ್ದರೂ, ಪ್ಲೇಟ್‌ಲೆಟ್ ಹಾಕುವುದರಿಂದ ಲಾಭ ಕಂಡುಬಂದಿಲ್ಲ.

ಕೋವಿಡ್ ಕಾಲದಲ್ಲಿ ಪ್ಲಾಸ್ಮಾಗಾಗಿ ಊರೂರು ಅಲೆದದ್ದು ನೆನಪಿದೆಯಲ್ಲ? 464 ರೋಗಿಗಳ ಮೇಲೆ ಐಸಿಎಂಆರ್ ನಡೆಸಿದ ಅಧ್ಯಯನ ಅದರಿಂದ ಪ್ರಯೋಜನವಿಲ್ಲ ಎಂದು 2020ರಲ್ಲೇ ಹೇಳಿತ್ತು. ಚಿಕಿತ್ಸೆಯ ಪಟ್ಟಿಯಿಂದ ಅದನ್ನು ಕೈಬಿಟ್ಟದ್ದು 2021ರ ಮೇ ತಿಂಗಳಲ್ಲಿ.

ವೈದ್ಯರ ನಂಬಿಕೆಯೇ ತಪ್ಪಾದದ್ದೂ ಉಂಟು. ಹೊಟ್ಟೆಯ ಹುಣ್ಣಿಗೆ ಖಾರವೂ ಚಿಂತೆಯೂ ಕಾರಣ ಎಂದು ವೈದ್ಯರು ಹೇಳುತ್ತಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಹುಣ್ಣಿನ ಮೂಲವೆಂದು ತಾವು ಶಂಕಿಸಿದ್ದ ಬ್ಯಾಕ್ಟೀರಿಯಾ ಕಲಸಿದ ದ್ರವವನ್ನು ತಾವೇ ಕುಡಿದು, ಜಠರದ ಉರಿಯೂತ ಬರಿಸಿಕೊಂಡು ತೋರಿಸಿದರು. 2005ರಲ್ಲಿ ರಾಬಿನ್ ವಾರನ್ ಜೊತೆ ಅವರಿಗೆ ನೊಬೆಲ್ ಬಂತು.

ಬಿಳಿಸೆರಗು, ಹೊಟ್ಟೆನೋವು ಅಂತ ಹೋದರೆ “ಗರ್ಭಕೋಶ ತೆಗೆಸಿಬಿಡು, ಇಲ್ಲಾಂದ್ರೆ ಕ್ಯಾನ್ಸರ್ ಆಗುತ್ತೆ” ಎಂದು ಹೆದರಿಸಿ ತಾಂಡಾಗಳ ಹೆಣ್ಣುಮಕ್ಕಳಿಗೆ ಅನಗತ್ಯ ಶಸ್ತ್ರಚಿಕಿತ್ಸೆ ಮಾಡಿದ ಪ್ರಕರಣ ಕಲಬುರಗಿಯಲ್ಲಿ 2015ರಲ್ಲಿ ಬಯಲಾಯಿತು. ಬಿಳಿಸೆರಗಿಗೆ ಎಷ್ಟೋ ಸಲ ಗುಳಿಗೆಯೇ ಸಾಕು. ಇಂಥ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಪಾಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಆದೇಶ ಕೊಟ್ಟಿದೆ. ಸಂಡೂರು ತಾಲ್ಲೂಕಿನ ತಾಂಡಾಗಳಲ್ಲಿರುವ ಅಕ್ಕತಂಗಿಯರು ಇದನ್ನು ತಿಳಿದಿರಲೇಬೇಕು. ಯಾರಾದರೂ ಗರ್ಭಕೋಶ ತೆಗೆಸು ಅಂದರೆ ಇನ್ನೊಬ್ಬ ವೈದ್ಯರನ್ನು ಕೇಳಿಯೇ ಮುಂದಿನ ಮಾತು.

ಬಾಟ್ಲಿ ಸಿಗದಾಗ ಜೀವ ಉಳಿಸಿದ್ದು ಒಂದು ಪುಡಿಯ ಪೊಟ್ಟಣ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ಬಾಯಿಂದ ಕುಡಿಸಿದ ನೀರಿಗೆ ಇಷ್ಟು ಶಕ್ತಿಯೇ ಎಂದು ಪರಿಣತರು ಮೊದಲು ನಂಬಲಿಲ್ಲ.

ಆ ಪೊಟ್ಟಣವೇ ಇಂದಿನ ಓಆರ್‌ಎಸ್. ದೊಡ್ಡ ಪೊಟ್ಟಣವನ್ನು ಕಲಸಬೇಕಾದದ್ದು ಒಂದು ಲೀಟರ್ ನೀರಿಗೆ, ಒಂದು ಲೋಟಕ್ಕಲ್ಲ. 24 ಗಂಟೆ ಕಳೆದರೆ ಚೆಲ್ಲಿಬಿಡಿ. ಸಕ್ಕರೆ ತುಂಬಿದ ಪಾನೀಯಗಳ ಮೇಲೆ ‘ಓಆರ್‌ಎಸ್’ ಎಂದು ಬರೆಯಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರು ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್.

ಜಗತ್ತಿನಲ್ಲಿ ಚಿಕಿತ್ಸೆಗೆ ಹೋದ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಚಿಕಿತ್ಸೆಯಲ್ಲೇ ಏನಾದರೂ ಹಾನಿಯಾಗುತ್ತದೆ, ಅರ್ಧಕ್ಕಿಂತ ಹೆಚ್ಚು ಹಾನಿಯನ್ನು ತಪ್ಪಿಸಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಾಗಂತ ವೈದ್ಯರನ್ನು ದೂರಿ, ಹೊಡೆದು ಬಡಿದು ಮಾಡುವುದರಿಂದ ಒಂದು ಜೀವವೂ ಉಳಿಯುವುದಿಲ್ಲ. ಸಮಾಧಾನವಾಗಿ ಕೇಳಿ: ಇದು ಯಾವ ಔಷಧ, ಯಾಕೆ ಬೇಕು, ಗುಳಿಗೆಯಲ್ಲಿ ಆಗುವುದಿಲ್ಲವೇ? ಬಾಟ್ಲಿಯ ಮೇಲಿನ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಓದಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ನೀರು ಮಬ್ಬಾಗಿದ್ದರೆ, ಒಳಗೆ ಏನಾದರೂ ತೇಲುತ್ತಿದ್ದರೆ, ಚೀಲ ಸೋರುತ್ತಿದ್ದರೆ ಸಿಸ್ಟರ್‌ಗೆ ತೋರಿಸಿ ಬದಲಿಸಿಕೊಳ್ಳಿ. ಏರಿಸುವಾಗ ಚಳಿ ನಡುಕ ಬಂದರೆ ಆ ಕ್ಷಣವೇ ಕೂಗಿ ಹೇಳಿ.

ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮ 2002ರಿಂದಲೂ ಇದೆ. ಹಣ ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ಲೋಪವಾದರೆ ಗ್ರಾಹಕರ ವೇದಿಕೆಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ಔಷಧದಿಂದ ತೊಂದರೆಯಾದರೆ ವರದಿ ಮಾಡಲು ವೈದ್ಯರೇ ಆಗಬೇಕೆಂದಿಲ್ಲ, ರೋಗಿಯೋ ಮನೆಯವರೋ ನೇರವಾಗಿ ತಿಳಿಸಬಹುದು. ಭಾರತದ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024. ಬರೆದಿಟ್ಟುಕೊಳ್ಳಿ, ನಾಲ್ಕು ಜನಕ್ಕೆ ಹೇಳಿ.