ವಿದ್ಯುತ್ತಿಗೆ ನೆಲ: ಊರಿನ ಮಾತಿಗೆ ಎಲ್ಲಿ ಜಾಗ?

ಬೀದರ್ ಜಿಲ್ಲೆಯ ಸೌರ ವಲಯದಿಂದ 2,500 ಮೆಗಾವಾಟ್ ವಿದ್ಯುತ್ತನ್ನು ಸಾಗಿಸುವ ಪ್ರಸರಣ ಯೋಜನೆ ರೂಪುಗೊಂಡಿದೆ. ತಂತಿ ಬರುವಲ್ಲಿಗೆ ನೆಲ ಹುಡುಕುವವರೂ ಬರುತ್ತಾರೆ. ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ತೊಗರಿ, ಸೋಯಾ ಹೊಲಗಳಲ್ಲಿ ಸೌರಫಲಕವೋ ಗಾಳಿಯಂತ್ರವೋ ಎಲ್ಲಿ ನಿಲ್ಲಬೇಕು ಎಂಬುದನ್ನು ನಿರ್ಧರಿಸುವವರು ಯಾರು?

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಕೃಷಿಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಳಸಲು ಜಿಲ್ಲಾಧಿಕಾರಿಯ ಅನುಮತಿ ಬೇಕು. ಸೌರ ಘಟಕಗಳ ಮಟ್ಟಿಗೆ ಆ ಅನುಮತಿ ದೊರೆತಿದೆಯೆಂದೇ ಭಾವಿಸುವ ರಿಯಾಯಿತಿಯನ್ನು 2014-21ರ ಸೌರ ನೀತಿ ತಂದಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ರದ್ದಾಗಿ, ಕೃಷಿಕರಲ್ಲದವರೂ ಹೊಲ ಕೊಳ್ಳಲು ದಾರಿಯಾಯಿತು. ಇಂಥ ಯೋಜನೆಗಳು 2006ರ ಪರಿಸರ ಪರಿಣಾಮ ಅಧಿಸೂಚನೆಯ ವ್ಯಾಪ್ತಿಗೆ ಬಾರದ್ದರಿಂದ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಭೂಪರಿವರ್ತನೆಯ ಕಡತಗಳು ಮೇಜಿನಿಂದ ಮೇಜಿಗೆ ಅಲೆಯುವುದನ್ನು ಸೇವೆಯಲ್ಲಿದ್ದಾಗ ಕಂಡಿರುವ ನಾನು ವಿಳಂಬವನ್ನು ಸಮರ್ಥಿಸಲಾರೆ. ಒಂದೊಂದು ಸಡಿಲಿಕೆಗೂ ಅದರದೇ ಸಮರ್ಥನೆಯಿದೆ. ಆದರೆ ಎಲ್ಲವೂ ಕೂಡಿದಾಗ ಊರನ್ನು ಕೇಳುವ ಸಂದರ್ಭವೇ ಉಳಿಯುವುದಿಲ್ಲ.

ಪಂಚಾಯತ್ ರಾಜ್ ಕಾಯ್ದೆಯ 66ನೇ ಕಲಂ ಯಂತ್ರಸ್ಥಾಪನೆಗೆ ಗ್ರಾಮ ಪಂಚಾಯಿತಿಯ ಅನುಮತಿ ಬೇಕೆನ್ನುತ್ತದೆ, ನಿಜ. ನೆಲದ ವ್ಯವಹಾರ ಮುಗಿದು, ಬಂಡವಾಳ ಹೂಡಿಯಾದ ಮೇಲೆ ಅದನ್ನು ಕೇಳುವುದು ಮದುವೆಯಾದ ನಂತರ ಹೆಣ್ಣು ನೋಡಲು ಹೋದಂತೆ.

ಪಾವಗಡದ ಅನುಭವ ನಮ್ಮ ಮುಂದಿದೆ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್. ಅಲ್ಲಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆಯಲಾಯಿತು. ಬರಪೀಡಿತ ತಾಲ್ಲೂಕಿನ ಭೂಮಾಲೀಕರಿಗೆ ಅದು ಭದ್ರ ಆದಾಯ. ಆದರೆ ಗುತ್ತಿಗೆ ಹಣ ಸಲ್ಲುವುದು ಪಹಣಿಯಲ್ಲಿ ಹೆಸರಿದ್ದವರಿಗೆ; ಕಳೆ ಕೀಳಲು ಬರುತ್ತಿದ್ದ ಕೂಲಿಯವಳ ಹೆಸರು ಅಲ್ಲಿರುವುದಿಲ್ಲ. ಅವಳು ಕಳೆದುಕೊಂಡ ದಿನಗೂಲಿ ಯಾವ ಯೋಜನಾ ವರದಿಯ ವೆಚ್ಚದ ಪಟ್ಟಿಯಲ್ಲೂ ಕಾಣದು.

ಗಾಳಿಯಂತ್ರಗಳಿಗೆ ಕೇಂದ್ರದ 2016ರ ಮಾರ್ಗಸೂಚಿಯಿದೆ: ಜನವಸತಿಯಿಂದ ಕನಿಷ್ಠ 500 ಮೀಟರ್ ದೂರ. ಆದರೆ ಮಾರ್ಗಸೂಚಿ ಕಾಯ್ದೆಯಲ್ಲ. ಅಂತರವನ್ನು ಅಳೆದು ತಡೆಯುವ ಅಧಿಕಾರ ಯಾರದೆಂಬುದನ್ನು ರಾಜ್ಯವೇ ನಿಯಮವಾಗಿ ಬರೆಯಬೇಕು.

ಪ್ರತಿ ಪಂಚಾಯಿತಿಗೂ ನಿರಾಕರಣೆಯ ಅಧಿಕಾರ ಕೊಡಿ ಎಂದು ನಾನು ಹೇಳುತ್ತಿಲ್ಲ. ಹಾಗಾದರೆ ವಿದ್ಯುತ್ ಎಲ್ಲಿಂದ ಬರಬೇಕು? ಗುತ್ತಿಗೆ ಪತ್ರ ನೋಂದಣಿಯಾಗುವ ಮೊದಲು, 60 ದಿನಗಳ ಮಿತಿಯೊಳಗೆ, ಗ್ರಾಮಸಭೆಯ ಲಿಖಿತ ಅಭಿಪ್ರಾಯ ಕಡ್ಡಾಯವಾಗಲಿ. ಅದನ್ನು ಒಪ್ಪದಿದ್ದರೆ ಜಿಲ್ಲಾಧಿಕಾರಿ ಕಾರಣ ದಾಖಲಿಸಲಿ. ನೀರಾವರಿಯ ಕಪ್ಪು ಭೂಮಿಯನ್ನು ಬಿಟ್ಟು ಬೀಳುನೆಲವನ್ನು ಆರಿಸಿಕೊಳ್ಳಲಿ ಎಂದು ಹೇಳುವುದು ಸುಲಭ. ಆದರೆ ಕಡತದಲ್ಲಿ ಬೀಳೆಂದು ಬರೆದ ಜಾಗದಲ್ಲಿ ಯಾರ ಕುರಿಗಳು ಮೇಯುತ್ತವೆ, ಎಲ್ಲಿ ಬಂಡಿದಾರಿ ಹಾದಿದೆ ಎಂಬುದನ್ನು ಊರವರೇ ಹೇಳಬೇಕು. 2022-27ರ ನವೀಕರಿಸಬಹುದಾದ ಇಂಧನ ನೀತಿಯ ನಂತರದ ನೀತಿಯಲ್ಲಿ ಈ 60 ದಿನಗಳಿಗೆ ಒಂದು ಕಲಂ ಇರಲಿ.