ಮಾರ್ಪಾಟಿಗೆ ಅಂಜದ ಯಂತ್ರಮಾದರಿ

ಕಾಗದದ ಮೇಲೆ ಬರೆದ ನಕ್ಷೆಯಲ್ಲಿ ಒಂದು ಗೆರೆಯನ್ನು ಅಳಿಸಿದರೆ ಉಳಿದ ಗೆರೆಗಳು ಇದ್ದಲ್ಲಿಯೇ ಇರುತ್ತವೆ. ಗಣಕಯಂತ್ರದಲ್ಲಿ ರಚಿಸುವ ಘನಮಾದರಿಯ ಸ್ವಭಾವ ಹಾಗಲ್ಲ. ಅಲ್ಲಿ ಒಂದು ಅಂಗವು ಮತ್ತೊಂದನ್ನು ಆಧರಿಸಿ ಹುಟ್ಟುತ್ತದೆ. ಆಧಾರವು ಬದಲಾದರೆ ಅದನ್ನು ನಂಬಿದ ಅಂಗಗಳೂ ಬದಲಾಗುತ್ತವೆ. ಈ ಗುಣವು ವರವಾಗುವುದೂ ಶಾಪವಾಗುವುದೂ ನಾವು ಮಾದರಿಯನ್ನು ಕಟ್ಟುವ ಕ್ರಮವನ್ನು ಅವಲಂಬಿಸಿದೆ.

ಗೆರೆಗಳಿಗೆ ಪರಸ್ಪರ ನಂಟನ್ನು ವಿಧಿಸುವ ವಿಚಾರ ಹಳೆಯದು. 1963ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಐವನ್ ಸದರ್‌ಲ್ಯಾಂಡ್ ಒಪ್ಪಿಸಿದ 'ಸ್ಕೆಚ್‌ಪ್ಯಾಡ್' ಪ್ರಬಂಧದಲ್ಲಿಯೇ ಅದು ಕಾಣುತ್ತದೆ. 1980ರ ದಶಕದ ಕೊನೆಗೆ 'ಪ್ರೊ-ಎಂಜಿನಿಯರ್' ಎಂಬ ತಂತ್ರಾಂಶವು ಇಂತಹ ನಂಟುಳ್ಳ ಘನಮಾದರಿಯನ್ನು ಕಾರ್ಖಾನೆಗಳ ಬಳಕೆಗೆ ತಂದಿತು.

ಒಂದು ಉದಾಹರಣೆಯನ್ನು ನೋಡೋಣ. ಚಪ್ಪಟೆಯಾದ ಪೀಠದ ಮೇಲೆ ನಿಂತ ಕೊಳವೆಯೊಂದು 6204 ಸಂಖ್ಯೆಯ ಬೇರಿಂಗನ್ನು ಹಿಡಿದುಕೊಳ್ಳಬೇಕಾಗಿದೆ. ಬೇರಿಂಗಿನ ಹೊರವ್ಯಾಸ 47 ಮಿ.ಮೀ.; ಕೊಳವೆಯ ಗೋಡೆ 6 ಮಿ.ಮೀ. ದಪ್ಪವಾದರೆ ಅದರ ಹೊರವ್ಯಾಸ 59 ಮಿ.ಮೀ. ಆಗುವುದು. ಪೀಠದಲ್ಲಿ ನಾಲ್ಕು ಬೋಲ್ಟಿನ ರಂಧ್ರಗಳಿವೆ. ವಿನ್ಯಾಸಕಾರನು ಅವುಗಳ ದೂರವನ್ನು ಕೊಳವೆಯ ಹೊರಮೈಯಿಂದ ಅಳೆದನೆನ್ನೋಣ. ಮುಂದೆ ಹೆಚ್ಚು ಭಾರವನ್ನು ಹೊರಲು 6205ನೆಯ ಬೇರಿಂಗು ಬೇಕಾಯಿತು. ಅದರ ಹೊರವ್ಯಾಸ 52 ಮಿ.ಮೀ.; ಕೊಳವೆ 64 ಮಿ.ಮೀ.ಗೆ ಬೆಳೆಯಿತು. ಅದರೊಡನೆ ಪ್ರತಿಯೊಂದು ರಂಧ್ರವೂ ಸದ್ದಿಲ್ಲದೆ 2.5 ಮಿ.ಮೀ. ಹೊರಕ್ಕೆ ಸರಿಯಿತು! ಪರದೆಯ ಮೇಲೆ ಯಾವ ದೋಷವೂ ಕಾಣುವುದಿಲ್ಲ. ಎರಕ ಹೊಯ್ದು, ರಂಧ್ರ ಕೊರೆದು, ಯಂತ್ರದ ಚೌಕಟ್ಟಿಗೆ ಜೋಡಿಸುವಾಗ ಮಾತ್ರ ಬೋಲ್ಟುಗಳು ಕೂಡುವುದಿಲ್ಲ.

ಇನ್ನೊಂದು ತೊಡಕೂ ಉಂಟು. ಮಾದರಿಯ ಅಂಚುಗಳನ್ನು ಗಣಕಯಂತ್ರವು ಸಾಮಾನ್ಯವಾಗಿ ತಾನೇ ಕೊಟ್ಟ ಗುರುತುಗಳಿಂದ ನೆನಪಿಡುತ್ತದೆ. ಬೀದಿಯ ನಡುವೆ ಹೊಸ ಮನೆ ಎದ್ದು ಮನೆಗಳ ಸಂಖ್ಯೆ ಬದಲಾದರೆ, ಹಳೆಯ ಸಂಖ್ಯೆಯನ್ನು ನಂಬಿದ ಅಂಚೆಯವನು ಕಾಗದವನ್ನು ಬೇರೆಯವರಿಗೆ ಕೊಟ್ಟು ಬರುವನಷ್ಟೆ. ಅಂಚೊಂದು ಎರಡಾಗಿ ಸೀಳಿದಾಗ ಇಲ್ಲಿಯೂ ಹಾಗೆಯೇ ಆಗಬಹುದು. 2024ರಲ್ಲಿ ಹೊರಬಂದ 'ಫ್ರೀಕ್ಯಾಡ್' ತಂತ್ರಾಂಶದ 1.0 ಆವೃತ್ತಿಯು ಈ ತೊಡಕನ್ನು ಬಹುಮಟ್ಟಿಗೆ ತಗ್ಗಿಸಿತು. ಆದರೂ ಎಚ್ಚರಿಕೆ ಬೇಕೇ ಬೇಕು.

ಪರಿಹಾರವೇನು? ಅಳಿಯದ ಆಧಾರವನ್ನು ಹಿಡಿಯುವುದೇ ಮೊದಲನೆಯದು. ಮೂರು ಮೂಲತಲಗಳು ಮತ್ತು ಕೊಳವೆಯ ಅಕ್ಷ, ಇವು ಯಾವ ಮಾರ್ಪಾಟಿನಲ್ಲಿಯೂ ಕದಲುವುದಿಲ್ಲ. ಚೌಕಟ್ಟಿಗೆ ಹೊಂದಬೇಕಾದ ರಂಧ್ರಗಳನ್ನು ಇವುಗಳಿಂದಲೇ ಅಳೆಯಬೇಕು. ಎರಡನೆಯದಾಗಿ, ಮುಖ್ಯ ಅಳತೆಗಳಿಗೆ ಹೆಸರಿಟ್ಟು ಒಂದೆಡೆ ಬರೆದಿಡಬೇಕು. ಕೊಳವೆಯ ಹೊರವ್ಯಾಸವು 'ಬೇರಿಂಗಿನ ವ್ಯಾಸ ಮತ್ತು ಗೋಡೆಯ ದಪ್ಪದ ಎರಡರಷ್ಟು' ಎಂಬ ಸೂತ್ರವಾಗಿರಲಿ. ಮೂರನೆಯದಾಗಿ, ಮೊದಲು ದೊಡ್ಡ ಮೈ, ಬಳಿಕ ರಂಧ್ರಗಳು, ಅಂಚುಗಳನ್ನು ದುಂಡಗಿಸುವುದು ಕಟ್ಟಕಡೆಗೆ. ದುಂಡಗಿಸಿದ ಅಂಚಿನ ಮೇಲೆ ಬೇರೇನನ್ನೂ ನಿಲ್ಲಿಸಬಾರದು.

ಕೊನೆಯದಾಗಿ, ಮಾದರಿ ಮುಗಿದೊಡನೆ ಬೇರಿಂಗಿನ ವ್ಯಾಸವನ್ನು 47ರಿಂದ 52ಕ್ಕೆ ಏರಿಸಿ, ಯಾವುದು ಕದಲಿತು, ಯಾವುದು ನಿಂತಿತು ಎಂಬುದನ್ನು ನೋಡಬೇಕು. ಈ ಪರೀಕ್ಷೆಗೆ ಕೆಲವು ನಿಮಿಷಗಳು ಸಾಕು. ಇದನ್ನು ಮಾಡದೆ ಬಿಟ್ಟರೆ ತಪ್ಪು ಬೆಳಕಿಗೆ ಬರುವುದು ಲೋಹವು ಎರಕವಾದ ಮೇಲೆ.