ರೆಕ್ಕೆ ಮುಚ್ಚುವ ಮುನ್ನ ಬರೆದಿಡಿ

ತಿ. ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿ ತೆಪ್ಪ ನೀರಿಗಿಳಿಸುವ ಅಂಬಿಗನಿಗೆ ಅದರ ಗಟ್ಟಿತನ ತಿಳಿಯಲು ಕಣ್ಣೇ ಸಾಕು. ಬಿದಿರಿನ ಹೆಣಿಗೆ ಒಳಗಿನಿಂದ ಪೂರಾ ಕಾಣುತ್ತದೆ. ಮೈಸೂರು–ನಂಜನಗೂಡು ರಸ್ತೆಯ ಮಂಡಕಳ್ಳಿ ನಿಲ್ದಾಣದಿಂದ ಮೇಲೇರುವ ವಿಮಾನಕ್ಕೆ ಈ ಮಾತು ಹೊಂದದು. ಅದರ ಬಲವಿರುವುದು ರೆಕ್ಕೆಯೊಳಗಿನ ತೊಲೆ, ಅಂಟು, ಬೋಲ್ಟುಗಳಲ್ಲಿ. ಹೊದಿಕೆ ಕೂತ ಮೇಲೆ ಅವು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾರ್ಖಾನೆಯಲ್ಲಾದರೆ ಹಂತ ಹಂತಕ್ಕೂ ತಪಾಸಣೆಗಾರರಿರುತ್ತಾರೆ. ಮನೆಯಲ್ಲಿ ಹವ್ಯಾಸಕ್ಕಾಗಿ ಕಟ್ಟಿದ ವಿಮಾನಕ್ಕೆ ಸಾಕ್ಷಿ ಯಾರು? ಕಟ್ಟಿದವರು ಬರೆದಿಟ್ಟ ಕಡತವೇ ಮುಖ್ಯ ಸಾಕ್ಷಿ.

ಕರ್ನಾಟಕಕ್ಕೆ ಈ ಬಗೆಯ ವಿಮಾನ ಹೊಸದಲ್ಲ. ಅಮೆರಿಕದ ಬರ್ಟ್ ರುಟಾನ್ ಹವ್ಯಾಸಿಗಳಿಗಾಗಿ ರೂಪಿಸಿದ್ದ ‘ಲಾಂಗ್-ಈಝಿ’ ಮಾದರಿಯನ್ನು ಆಧರಿಸಿ ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯ ಒಂದು ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. ಗಾಜಿನ ನಾರು ಮತ್ತು ರಾಳದಿಂದ ಮಾಡುವ ಇಂಥ ರೆಕ್ಕೆಯಲ್ಲಿ ಪದರದ ಮೇಲೆ ಪದರ ಕೂರುತ್ತದೆ. ಕೆಳಗಿನ ಪದರದಲ್ಲಿ ಗಾಳಿಗುಳ್ಳೆ ಉಳಿದರೆ ಮೇಲಿನಿಂದ ಗುರುತಿಸುವುದು ಕಷ್ಟ. ಎನ್‌ಎಎಲ್‌ನದೇ ಎರಡು ಆಸನಗಳ ‘ಹಂಸ’ 1993ರಲ್ಲಿ ಮೊದಲು ಹಾರಿತು. ‘ಹಂಸ-3’ಕ್ಕೆ ಪ್ರಮಾಣಪತ್ರ ದೊರೆತದ್ದು 2000ದಲ್ಲಿ. ಸರ್ಕಾರಿ ಪ್ರಯೋಗಾಲಯಕ್ಕೇ ಇಷ್ಟು ವರ್ಷ ಹಿಡಿಯಿತು.

ಒಂಟಿಯಾಗಿ ಕಟ್ಟುವವರ ಪಾಡನ್ನು ತೋರಿಸಿದ್ದು ಮುಂಬೈನ ಪೈಲಟ್ ಅಮೋಲ್ ಯಾದವ್ ಪ್ರಕರಣ. ಕಾಂದಿವಲಿಯ ಮನೆಯ ತಾರಸಿಯ ಮೇಲೆ ಅವರು ಕಟ್ಟಿದ ಆರು ಆಸನಗಳ ವಿಮಾನ 2016ರ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನದಲ್ಲಿ ಎಲ್ಲರ ಗಮನ ಸೆಳೆಯಿತು. ಆದರೆ ನಾಗರಿಕ ವಿಮಾನಯಾನ ಮಹಾ ನಿರ್ದೇಶನಾಲಯದ ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಾಟದ ಪರವಾನಗಿ 2019ರಲ್ಲಿ. ನೋಂದಣಿಯೆಂದರೆ ‘ವಿಟಿ’ಯಿಂದ ಆರಂಭವಾಗುವ ಗುರುತು ಸಿಕ್ಕಿತೆಂದಷ್ಟೇ ಅರ್ಥ, ಹಾರಲು ಯೋಗ್ಯವೆಂಬ ಒಪ್ಪಿಗೆ ಬೇರೆಯೇ.

ಕಡತದಲ್ಲಿ ಇರಬೇಕಾದದ್ದೇನು? ಮೊದಲನೆಯದು ದಿನಚರಿ: ಯಾವ ದಿನ, ಎಷ್ಟು ಗಂಟೆ, ಯಾವ ನಕ್ಷೆಯಂತೆ, ಯಾವ ಭಾಗ. ಎರಡನೆಯದು ಹೊದಿಕೆ ಹಾಕುವ ಮುನ್ನ ತೆಗೆದ ಛಾಯಾಚಿತ್ರಗಳು. ಮೂರನೆಯದು ಸಾಮಗ್ರಿಯ ಬಿಲ್ಲು ಮತ್ತು ತಯಾರಕರ ಪ್ರಮಾಣಪತ್ರ. ಅಂಗಡಿಯ ಮಾಮೂಲಿ ಬೋಲ್ಟಿಗೂ ವಿಮಾನದ ಬೋಲ್ಟಿಗೂ ನೋಟದಲ್ಲಿ ವ್ಯತ್ಯಾಸ ಕಾಣದಿರಬಹುದು. ಭಾರ ಬಿದ್ದಾಗ ಕಾಣುತ್ತದೆ. ನಕ್ಷೆ ಬಿಟ್ಟು ಏನನ್ನಾದರೂ ಬದಲಿಸಿದ್ದರೆ ಅದರ ಕಾರಣವನ್ನೂ ಬರೆಯಬೇಕು. ಅಮೆರಿಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕೆಂಬ ನಿಯಮವಿದೆ. ಅದನ್ನು ರುಜುವಾತುಪಡಿಸುವುದೂ ಈ ದಿನಚರಿ, ಚಿತ್ರಗಳಿಂದಲೇ.

ಕೊನೆಗೆ ತೂಕದ ಲೆಕ್ಕ. ಮೂರು ಚಕ್ರಗಳ ಕೆಳಗೂ ತೂಕದ ಯಂತ್ರವಿಟ್ಟು ತೂಗುತ್ತಾರೆ. ಉದಾಹರಣೆಗೆ, ಮೂತಿಯ ತುದಿಯಿಂದ ಅರ್ಧ ಮೀಟರ್ ಹಿಂದಿರುವ ಮುಂಚಕ್ರದ ಮೇಲೆ 80 ಕಿಲೊ, ಎರಡು ಮೀಟರ್ ಹಿಂದಿರುವ ಜೋಡಿಚಕ್ರಗಳ ಮೇಲೆ ಒಟ್ಟು 320 ಕಿಲೊ ಭಾರವಿದೆ ಎನ್ನೋಣ. ತೂಕವನ್ನು ದೂರದಿಂದ ಗುಣಿಸಿದರೆ 40 ಮತ್ತು 640. ಮೊತ್ತ 680ನ್ನು ಒಟ್ಟು ತೂಕ 400ರಿಂದ ಭಾಗಿಸಿದರೆ, ಗುರುತ್ವ ಕೇಂದ್ರ ಮೂತಿಯಿಂದ 1.7 ಮೀಟರಿನಲ್ಲಿದೆ ಎಂದಾಯಿತು. ಅದು ಮಿತಿ ಮೀರಿ ಹಿಂದೆ ಸರಿದಿದ್ದರೆ ನೆಲ ಬಿಟ್ಟೊಡನೆ ಮೂತಿ ಮೇಲೇಳಬಹುದು. ಪೈಲಟ್ ಎಷ್ಟೇ ನುರಿತಿದ್ದರೂ ಅದನ್ನು ತಗ್ಗಿಸಲಾಗದೆ ಹೋಗಬಹುದು. ಆಸನಗಳಲ್ಲಿ ಜನ ಕೂತಾಗ, ಇಂಧನ ತುಂಬಿದಾಗ ಈ ಬಿಂದು ಜರುಗುವುದರಿಂದ ಆ ಲೆಕ್ಕವನ್ನೂ ಮಾಡಿಡಬೇಕು.

ಕಾಗದ ಪತ್ರವೆಂದರೆ ಕಚೇರಿಯ ಕಾಟ ಎಂದು ಮೂಗು ಮುರಿಯುವವರುಂಟು. ವಿಳಂಬದ ದೂರಿನಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೆ ಪರೀಕ್ಷಾ ಹಾರಾಟಕ್ಕೆ ಕೂರುವವರು ನಂಬುವುದು ತಾವು ಕಾಣದ ಬೋಲ್ಟನ್ನು. ನಂಜನಗೂಡಿನ ಯಾವುದೋ ಹಿತ್ತಲಲ್ಲಿ ನಾಳೆ ಯಾರಾದರೂ ವಿಮಾನ ಕಟ್ಟಲು ಹೊರಟರೆ, ಅವರು ತರಬೇಕಾದ ಮೊದಲ ಸಲಕರಣೆ ಸುತ್ತಿಗೆಯಲ್ಲ, ಒಂದು ದಪ್ಪ ನೋಟ್ ಪುಸ್ತಕ.